ಸಾರ್ಜೆಂಟ್ ಪೆಪ್ಪರ್‌ಗೆ ಸ್ಟ್ರಾಬೆರಿ ಫೀಲ್ಡ್ಸ್ ಸೇರಿಸಿದರೆ: ಐದು ಹಾಡುಪಟ್ಟಿಗಳ ಹೋಲಿಕೆ

ಬೀಟಲ್ಸ್ ಕೇಳುವವರ ನಡುವೆ ಎಂದೂ ಮುಗಿಯದ ವಾದ ಒಂದಿದೆ: ಸಾರ್ಜೆಂಟ್ ಪೆಪ್ಪರ್ ಆಲ್ಬಮ್‌ನಿಂದ ಹೊರಗುಳಿದ ಎರಡು ಹಾಡುಗಳು ಅದರೊಳಗೆ ಇರಬೇಕಿತ್ತೇ? 1966ರ ನವೆಂಬರ್ 24ರಂದು ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಆಲ್ಬಮ್‌ನ ಕೆಲಸ ಶುರುವಾದಾಗ ಸ್ಟುಡಿಯೋದಲ್ಲಿ ಮೊದಲು ಧ್ವನಿಮುದ್ರಣಕ್ಕೆ ಕೂತದ್ದು ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’. ಡಿಸೆಂಬರ್ ಕೊನೆಗೆ ‘ಪೆನ್ನಿ ಲೇನ್’ ಕೈಗೆತ್ತಿಕೊಂಡರು. ಹೊಸ ಸಿಂಗಲ್ (ಮುಖಕ್ಕೊಂದು ಹಾಡಿನ ಚಿಕ್ಕ ತಟ್ಟೆ) ಬೇಕೆಂಬ ಒತ್ತಡಕ್ಕೆ ಎರಡನ್ನೂ 1967ರ ಫೆಬ್ರವರಿಯಲ್ಲಿ ಒಂದೇ ತಟ್ಟೆಯ ಎರಡು ಮುಖಗಳಾಗಿ ಬಿಟ್ಟರು. ಸಿಂಗಲ್‌ನ ಹಾಡನ್ನು ಮತ್ತೆ ಆಲ್ಬಮ್‌ಗೆ ಹಾಕಿ ಜನರಿಂದ ಎರಡೆರಡು ಸಲ ದುಡ್ಡು ಕೀಳಬಾರದು ಎಂಬುದು ಆಗ ಬ್ರಿಟನ್ನಿನಲ್ಲಿ ಅವರು ಆದಷ್ಟು ಪಾಲಿಸುತ್ತಿದ್ದ ಪದ್ಧತಿ. ಹಾಗಾಗಿ ಮೇ ಕೊನೆಗೆ ಆಲ್ಬಮ್ ಬಂದಾಗ ಎರಡೂ ಅದರಲ್ಲಿರಲಿಲ್ಲ. ಹಾಗೆ ಬಿಟ್ಟುಕೊಟ್ಟದ್ದು ತಮ್ಮ ವೃತ್ತಿಜೀವನದ ಅತಿ ದೊಡ್ಡ ತಪ್ಪು ಎಂದು ನಿರ್ಮಾಪಕ ಜಾರ್ಜ್ ಮಾರ್ಟಿನ್ ಆಮೇಲೆ ಹೇಳಿಕೊಂಡರು.

ಸರಿ, ಸೇರಿಸಿದ್ದರೆ ಏನಾಗುತ್ತಿತ್ತು? ಇದನ್ನು ಬಾಯಲ್ಲಿ ವಾದಿಸುವುದಕ್ಕಿಂತ ಪಟ್ಟಿ ಕಟ್ಟಿ, ಮೊದಲಿನಿಂದ ಕೊನೆಯವರೆಗೆ ಹಾಕಿ ಕೇಳುವುದು ಲೇಸು. ಇಲ್ಲಿ ಐದು ಪಟ್ಟಿಗಳಿವೆ. ಯಾವ ಹಾಡು ಯಾವ ಹಾಡಿಗಿಂತ ಮೇಲು ಎಂಬುದು ಇಲ್ಲಿಯ ಪ್ರಶ್ನೆಯೇ ಅಲ್ಲ. ಈ ಆಲ್ಬಮ್ ನಿಂತಿರುವುದು ಹಾಡು ಹಾಡಿನ ನಡುವಿನ ಬೆಸುಗೆಯ ಮೇಲೆ. ಪಟ್ಟಿ ಗೆಲ್ಲುವುದೂ ಸೋಲುವುದೂ ಅಲ್ಲೇ.

ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು

ಹದಿಮೂರು ಟ್ರ್ಯಾಕ್‌ಗಳಲ್ಲಿ ಐದನ್ನು ಕದಲಿಸುವಂತಿಲ್ಲ. ಶೀರ್ಷಿಕೆ ಗೀತೆಯ ಕೊನೆಯಲ್ಲಿ ಬಿಲ್ಲಿ ಶಿಯರ್ಸ್ ಎಂಬ ಕಾಲ್ಪನಿಕ ಗಾಯಕನ ಹೆಸರು ಕೂಗಿ, ಜನರ ಗದ್ದಲದ ಮೇಲೆಯೇ ‘ವಿತ್ ಎ ಲಿಟಲ್ ಹೆಲ್ಪ್ ಫ್ರಮ್ ಮೈ ಫ್ರೆಂಡ್ಸ್’ ಶುರುವಾಗುತ್ತದೆ. ಇವೆರಡು ಒಂದೇ ತುಂಡು ಎಂದು ಲೆಕ್ಕ ಹಿಡಿಯಿರಿ. ಇನ್ನೊಂದು ತುದಿಯಲ್ಲಿ ‘ಗುಡ್ ಮಾರ್ನಿಂಗ್ ಗುಡ್ ಮಾರ್ನಿಂಗ್’ ಹಾಡಿನ ಕೊನೆಯ ಕೋಳಿಯ ಕೂಗು ಗಿಟಾರ್ ಸ್ವರವಾಗಿ ತಿರುಗಿ ರಿಪ್ರೈಸ್‌ಗೆ, ಅಂದರೆ ಶೀರ್ಷಿಕೆ ಗೀತೆಯ ಚುಟುಕು ಮರುರೂಪಕ್ಕೆ, ದಾರಿ ಬಿಡುತ್ತದೆ. ರಿಪ್ರೈಸ್‌ನ ಚಪ್ಪಾಳೆ ಅಡಗುತ್ತಿರುವಾಗಲೇ ‘ಎ ಡೇ ಇನ್ ದ ಲೈಫ್’ನ ಅಕೂಸ್ಟಿಕ್ ಗಿಟಾರ್ ಕೇಳಿಸುತ್ತದೆ. ಈ ಮೂರೂ ಅಂಟಿಕೊಂಡೇ ಇವೆ.

ಉಳಿದ ಎಂಟು ಹಾಡುಗಳಿಗೆ ಸ್ವಾತಂತ್ರ್ಯವಿದೆ: ಲೂಸಿ, ಗೆಟ್ಟಿಂಗ್ ಬೆಟರ್, ಫಿಕ್ಸಿಂಗ್ ಎ ಹೋಲ್, ಷೀಸ್ ಲೀವಿಂಗ್ ಹೋಮ್, ಮಿಸ್ಟರ್ ಕೈಟ್, ವಿದಿನ್ ಯೂ ವಿದೌಟ್ ಯೂ, ವೆನ್ ಐಯಾಮ್ ಸಿಕ್ಸ್ಟಿ-ಫೋರ್, ಲವ್ಲಿ ರೀಟಾ. ಆಟವೆಲ್ಲ ಈ ಎಂಟರಲ್ಲಿ. ‘ಗುಡ್ ಮಾರ್ನಿಂಗ್’ ಇಷ್ಟವಿಲ್ಲ, ಅದನ್ನು ತೆಗೆದು ಪೆನ್ನಿ ಲೇನ್ ಹಾಕೋಣ ಎನ್ನುವವರು ಬಹಳ. ತೆಗೆದ ಕೂಡಲೇ ರಿಪ್ರೈಸ್ ತಲೆಯಿಲ್ಲದ ಮುಂಡದಂತೆ ಶುರುವಾಗುತ್ತದೆ. ಎಷ್ಟು ಫೇಡ್ ಮಾಡಿದರೂ ಆ ಜಾಗ ಮುಚ್ಚುವುದಿಲ್ಲ.

ಅವಧಿಯ ಲೆಕ್ಕವೂ ಇರಲಿ. ಆವೃತ್ತಿಯಿಂದ ಆವೃತ್ತಿಗೆ ಕೆಲವು ಸೆಕೆಂಡ್ ವ್ಯತ್ಯಾಸ ಬರುತ್ತದೆ, ಸಾಮಾನ್ಯ ಸ್ಟೀರಿಯೋ ಸಿಡಿಯ ಪ್ರಕಾರ ಹೀಗೆ: ಶೀರ್ಷಿಕೆ ಗೀತೆ 2:02, ವಿತ್ ಎ ಲಿಟಲ್ ಹೆಲ್ಪ್ 2:44, ಲೂಸಿ 3:28, ಗೆಟ್ಟಿಂಗ್ ಬೆಟರ್ 2:48, ಫಿಕ್ಸಿಂಗ್ ಎ ಹೋಲ್ 2:36, ಷೀಸ್ ಲೀವಿಂಗ್ ಹೋಮ್ 3:35, ಮಿಸ್ಟರ್ ಕೈಟ್ 2:37. ಇದು ಮೊದಲ ಸೈಡ್, ಒಟ್ಟು 19:50. ಎರಡನೆಯದರಲ್ಲಿ ವಿದಿನ್ ಯೂ 5:04, ಸಿಕ್ಸ್ಟಿ-ಫೋರ್ 2:37, ರೀಟಾ 2:42, ಗುಡ್ ಮಾರ್ನಿಂಗ್ 2:41, ರಿಪ್ರೈಸ್ 1:18, ಎ ಡೇ ಇನ್ ದ ಲೈಫ್ 5:33, ಒಟ್ಟು 19:55. ಹೊರಗಿರುವ ಸ್ಟ್ರಾಬೆರಿ ಫೀಲ್ಡ್ಸ್ 4:08, ಪೆನ್ನಿ ಲೇನ್ 3:00. ಎಲ್‌ಪಿಯ (ಆಲ್ಬಮ್‌ನ ದೊಡ್ಡ ತಟ್ಟೆಯ) ಒಂದು ಸೈಡ್ 22 ನಿಮಿಷ ದಾಟಿದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಸದ್ದಿನ ಮಟ್ಟ ಇಳಿಸಬೇಕು. ಫೈಲ್‌ನಲ್ಲಿ ಕೇಳುವವರಿಗೆ ಈ ಕಟ್ಟುಪಾಡಿಲ್ಲ, ಆದರೂ ಅದನ್ನು ಪಾಲಿಸಿದರೆ ಪಟ್ಟಿ ಹದದಲ್ಲಿರುತ್ತದೆ.

ಪಟ್ಟಿ 1: ಬಿಡುಗಡೆಯಾದದ್ದು

ಹೋಲಿಕೆಗೆ ಇದೇ ಅಳತೆಗೋಲು. ಇದರ ಬಲ ಎರಡನೇ ಸೈಡ್‌ನ ಆರಂಭದಲ್ಲಿದೆ. ಖಮಾಜ್ ಥಾಟ್‌ನ ಸ್ವರಗಳಲ್ಲಿ, ತಂಬೂರಿ, ದಿಲ್‌ರುಬಾ, ತಬಲಾ ಇಟ್ಟುಕೊಂಡು ಜಾರ್ಜ್ ಹ್ಯಾರಿಸನ್ ಕಟ್ಟಿದ ವಿದಿನ್ ಯೂ ವಿದೌಟ್ ಯೂ ಮುಗಿದ ಮೇಲೆ ಒಂದು ನಗೆ ಕೇಳಿಸುತ್ತದೆ. ಅದರ ಬೆನ್ನಿಗೇ ಸಿಕ್ಸ್ಟಿ-ಫೋರ್‌ನ ಕ್ಲಾರಿನೆಟ್. ಇಷ್ಟು ದೂರದ ಎರಡು ಲೋಕಗಳು ಪಕ್ಕಪಕ್ಕ ಕೂತರೂ ಕಿವಿ ಎಡವುವುದಿಲ್ಲ. ಹ್ಯಾರಿಸನ್ ಹಾಡಿನ ಶ್ರುತಿ ಸಿ ಶಾರ್ಪ್. ಸಿಕ್ಸ್ಟಿ-ಫೋರ್ ಅನ್ನು ನುಡಿಸಿದ್ದು ಸಿ ಮೇಜರ್‌ನಲ್ಲಿ. ಅದನ್ನು ಹಾಡಿದ ಪಾಲ್ ಮೆಕಾರ್ಟ್ನಿಯ ಕಂಠ ಎಳೆಯದಾಗಿ ಕೇಳಲಿ ಎಂದು ಟೇಪ್ ವೇಗ ಹೆಚ್ಚಿಸಿ ಅರ್ಧ ಸ್ವರ ಏರಿಸಿದರು, ಅಂದರೆ ಡಿ ಫ್ಲ್ಯಾಟ್. ಪಿಯಾನೋದ ಮೇಲೆ ಎರಡೂ ಒಂದೇ ಕೀಲಿ. ಷಡ್ಜ ಅಲ್ಲೇ ನಿಂತಿರುತ್ತದೆ, ಮನೆಯೊಂದೇ ಬದಲಾಗುತ್ತದೆ. ಸಿಕ್ಸ್ಟಿ-ಫೋರ್ ತೆಗೆಯುವ ಯಾವ ಪಟ್ಟಿಯಾದರೂ ಈ ಗುಟ್ಟಿನ ಗಂಟನ್ನು ಕಳೆದುಕೊಳ್ಳುತ್ತದೆ, ಮೊದಲೇ ಒಪ್ಪಿಕೊಳ್ಳಬೇಕು.

ದೌರ್ಬಲ್ಯ ಮೊದಲ ಸೈಡ್‌ನ ನಡುವೆ. ವಾದ್ಯಮೇಳದ ವೇಷ ಕಟ್ಟಿ, ಗಾಯಕನನ್ನು ಪರಿಚಯಿಸಿ, ಆಮೇಲೆ ಆ ಪ್ರದರ್ಶನದ ಕಲ್ಪನೆಯನ್ನೇ ಮರೆತುಬಿಡುತ್ತಾರೆ. ಲೂಸಿಯಿಂದ ಷೀಸ್ ಲೀವಿಂಗ್ ಹೋಮ್‌ವರೆಗೆ ನಾಲ್ಕು ಹಾಡುಗಳಿಗೂ ಪೆಪ್ಪರ್ ಸಾಹೇಬರಿಗೂ ಸಂಬಂಧವಿಲ್ಲ. 1843ರ ಸರ್ಕಸ್ ಪೋಸ್ಟರ್ ನೋಡಿ ಬರೆದ ಮಿಸ್ಟರ್ ಕೈಟ್, ಅಂದರೆ ಪ್ರದರ್ಶನಕ್ಕೆ ಹೇಳಿ ಮಾಡಿಸಿದ ಹಾಡು, ಸೈಡ್‌ನ ಕೊನೆಗೆ ಹೋಗಿ ಕೂತಿದೆ.

ಪಟ್ಟಿ 2: ಮೊದಲು ಯೋಚಿಸಿದ್ದ ಸೈಡ್ ಒಂದು

ಆಗಲೂ ಇದು ಯಾರಿಗೋ ಹೊಳೆದಿತ್ತು. ಸ್ಟುಡಿಯೋದಲ್ಲಿ ಮೊದಲು ಗೊತ್ತುಮಾಡಿದ್ದ ಮೊದಲ ಸೈಡ್‌ನ ಕ್ರಮ ಬೇರೆಯಿತ್ತು: ಶೀರ್ಷಿಕೆ ಗೀತೆ, ವಿತ್ ಎ ಲಿಟಲ್ ಹೆಲ್ಪ್, ಮಿಸ್ಟರ್ ಕೈಟ್, ಫಿಕ್ಸಿಂಗ್ ಎ ಹೋಲ್, ಲೂಸಿ, ಗೆಟ್ಟಿಂಗ್ ಬೆಟರ್, ಷೀಸ್ ಲೀವಿಂಗ್ ಹೋಮ್. ಎರಡನೇ ಸೈಡ್‌ನಲ್ಲಿ ಬದಲಾವಣೆಯಿಲ್ಲ. ಹೊಸ ಹಾಡು ಬೇಡ, ಕತ್ತರಿ ಬೇಡ, ಎರಡು ನಿಮಿಷದಲ್ಲಿ ಕಟ್ಟಬಹುದಾದ ಪಟ್ಟಿ ಇದು.

ಮೊದಲ ಎಂಟು ನಿಮಿಷ ಇದು ಬಿಡುಗಡೆಯಾದ ಕ್ರಮಕ್ಕಿಂತ ನಿಜಕ್ಕೂ ಚೆನ್ನ. ಬ್ಯಾಂಡ್ ಬಂತು, ಗಾಯಕ ಬಂದ, ಸರ್ಕಸ್ ಬಂತು. ವೇಷ ಮೂರನೇ ಹಾಡಿಗೂ ಉಳಿಯಿತು. ಪೆಟ್ಟು ಬೀಳುವುದು ಕೊನೆಯಲ್ಲಿ. ಷೀಸ್ ಲೀವಿಂಗ್ ಹೋಮ್‌ನಲ್ಲಿ ಬೀಟಲ್ಸ್ ನಾಲ್ವರಲ್ಲಿ ಒಬ್ಬರೂ ವಾದ್ಯ ಮುಟ್ಟಿಲ್ಲ, ಮೈಕ್ ಲೀಂಡರ್ ಜೋಡಿಸಿದ ತಂತಿವಾದ್ಯಗಳು ಮತ್ತು ಹಾರ್ಪ್ ಮಾತ್ರ. ಅದರ ಮುಂದೆ ಬರುವ ವಿದಿನ್ ಯೂನಲ್ಲಿ ಹ್ಯಾರಿಸನ್ ಬಿಟ್ಟರೆ ಉಳಿದ ಮೂವರಿಲ್ಲ. ತಟ್ಟೆ ತಿರುಗಿಸಿ ಹಾಕುವಾಗ ಆ ಬಿಡುವು ಇದನ್ನು ಮರೆಮಾಚೀತು. ಫೈಲ್‌ನಲ್ಲೋ ಸಿಡಿಯಲ್ಲೋ ಒಂದೇ ಸಮ ಕೇಳಿದರೆ 8 ನಿಮಿಷ 39 ಸೆಕೆಂಡ್ ಡ್ರಮ್ಮರ್ ರಿಂಗೋನ ಡ್ರಮ್ಸ್ ಇಲ್ಲ. ರಾಕ್ ಆಲ್ಬಮ್‌ನ ನಟ್ಟನಡುವೆ ಅಷ್ಟು ದೊಡ್ಡ ಹೊಂಡ. ಕೈಟ್ ಅನ್ನು ಸೈಡ್‌ನ ಕೊನೆಗೆ ತಳ್ಳಿದ್ದರ ಲಾಭ ಇಲ್ಲಿ ತಿಳಿಯುತ್ತದೆ: ಅದು ಈ ಎರಡು ಹಾಡುಗಳ ನಡುವೆ ಗೋಡೆಯಾಗಿ ನಿಲ್ಲುತ್ತದೆ.

ಪಟ್ಟಿ 3: ಎರಡನ್ನೂ ಸೇರಿಸಿ, ಏನನ್ನೂ ಬಿಡದೆ

ಅಭಿಮಾನಿಗಳಿಗೆ ಬಲು ಪ್ರಿಯವಾದದ್ದು ಇದೇ. ಹದಿನೈದು ಟ್ರ್ಯಾಕ್, 46:53. ಸಾಮಾನ್ಯವಾಗಿ ಪೆನ್ನಿ ಲೇನ್ ಮೊದಲ ಸೈಡ್‌ನಲ್ಲಿ ಫಿಕ್ಸಿಂಗ್ ಎ ಹೋಲ್ ಆದಮೇಲೆ, ಸ್ಟ್ರಾಬೆರಿ ಫೀಲ್ಡ್ಸ್ ಎರಡನೇ ಸೈಡ್‌ನ ಬಾಗಿಲಲ್ಲಿ. ಸೈಡ್‌ಗಳು 22:50 ಮತ್ತು 24:03 ಆಗುತ್ತವೆ. ಎಲ್‌ಪಿಗೆ ಬಿಗಿ, ಇಡೀ ಪಟ್ಟಿ 90 ನಿಮಿಷದ ಕ್ಯಾಸೆಟ್‌ನ ಒಂದು ಬದಿಗೂ ಹಿಡಿಸುವುದಿಲ್ಲ.

ಹಾಡುಗಳ ಪಟ್ಟಿಯಾಗಿ ಓದಿದರೆ ಬಾಯಲ್ಲಿ ನೀರೂರುತ್ತದೆ. ಕೇಳಿದರೆ ಎರಡನೇ ಸೈಡ್ ಮೊದಲ ಹತ್ತು ನಿಮಿಷದಲ್ಲೇ ದಣಿಸುತ್ತದೆ. ಸ್ಟ್ರಾಬೆರಿ ಫೀಲ್ಡ್ಸ್‌ನ ನಾಲ್ಕು ನಿಮಿಷದ ಮಂಜು, ಅದರ ಹಿಂದೆಯೇ ತಂಬೂರಿಯ ಐದು ನಿಮಿಷ. ವೇಗ ಏರುವಷ್ಟರಲ್ಲಿ ಕಿವಿ ಸೋತಿರುತ್ತದೆ.

ಸ್ಟ್ರಾಬೆರಿ ಫೀಲ್ಡ್ಸ್‌ನ ಬಾಲದ ತೊಂದರೆ ಇನ್ನೂ ದೊಡ್ಡದು, ಸ್ವಲ್ಪ ಹತ್ತಿರದಿಂದ ನೋಡಬೇಕು. ಹಾಡು ಸುಮಾರು ಮೂರೂವರೆ ನಿಮಿಷಕ್ಕೆ ಅಡಗುತ್ತದೆ. ಮುಗಿಯಿತು ಎಂದುಕೊಳ್ಳುವಾಗ ಮತ್ತೆ ಮೇಲೆದ್ದು, ಮೆಲೊಟ್ರಾನ್‌ನ (ಟೇಪ್‌ನಲ್ಲಿ ಮುದ್ರಿಸಿದ ವಾದ್ಯಗಳ ದನಿ ಹೊರಡಿಸುವ ಕೀಲಿಮಣೆ) ಚೂರುಗಳು, ಡ್ರಮ್ಸ್‌ನ ಬಡಿತ, ಹಾಡಿದ ಜಾನ್ ಲೆನನ್‌ನ ಗೊಣಗು ಎಲ್ಲ ಕಲಸಿಕೊಂಡು ಎರಡನೇ ಸಲ ಅಡಗುತ್ತದೆ. ಎರಡು ಸಲ ಸತ್ತ ಹಾಡಿನ ಬೆನ್ನಿಗೆ ತಕ್ಷಣ ಇನ್ನೊಂದು ಹಾಡು ಬಂದರೆ ಕೇಳುವವನಿಗೆ ಅದು ಮೂರನೇ ಸಲದ ಏಳುವಿಕೆಯಂತೆ ಕೇಳಿಸುತ್ತದೆ. ಕೆಲವರು ಮೊದಲ ಅಡಗುವಿಕೆಯಲ್ಲೇ ಕತ್ತರಿಸುತ್ತಾರೆ. ಅರ್ಧ ನಿಮಿಷ ಉಳಿತಾಯವಾಗುತ್ತದೆ ನಿಜ, ಆದರೆ ಸಾಧಾರಣ ಫೇಡ್ ಇರುವ ಸಾಧಾರಣ ಹಾಡೊಂದು ಕೈಗೆ ಬರುತ್ತದೆ. ಬೇರೆ ಬೇರೆ ಶ್ರುತಿ, ಬೇರೆ ಬೇರೆ ವೇಗದ ಎರಡು ಟೇಕ್‌ಗಳನ್ನು, ಏಳನೆಯದು ಮತ್ತು ಇಪ್ಪತ್ತಾರನೆಯದನ್ನು, ಟೇಪ್ ವೇಗ ಹೊಂದಿಸಿ ಒಂದು ನಿಮಿಷದ ಹೊತ್ತಿಗೆ ಬೆಸೆದ ಹಾಡಿದು. ಅಷ್ಟು ಪಾಡುಪಟ್ಟು ಕಟ್ಟಿದ್ದರ ಬಾಲ ಕತ್ತರಿಸಲು ಮನಸ್ಸು ಬರುವುದಿಲ್ಲ. ಇದರ ಹಿಂದೆ ಮೌನವೇ ಬೇಕು. ಅಂದರೆ ಸೈಡ್‌ನ ಕೊನೆಯೇ ಇದರ ಜಾಗ.

ಪಟ್ಟಿ 4: ಎರಡು ಒಳಗೆ, ಎರಡು ಹೊರಗೆ

ಫಿಕ್ಸಿಂಗ್ ಎ ಹೋಲ್ ಮತ್ತು ಸಿಕ್ಸ್ಟಿ-ಫೋರ್ ತೆಗೆದು, ಮೊದಲ ಸೈಡ್‌ನ ಕೊನೆಗೆ ಸ್ಟ್ರಾಬೆರಿ ಫೀಲ್ಡ್ಸ್, ಸಿಕ್ಸ್ಟಿ-ಫೋರ್‌ನ ಜಾಗಕ್ಕೆ ಪೆನ್ನಿ ಲೇನ್. ಟ್ರ್ಯಾಕ್ ಮತ್ತೆ ಹದಿಮೂರೇ. ಸೈಡ್‌ಗಳು 21:22 ಮತ್ತು 20:18. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಪಟ್ಟಿ ಸಿಗಲಾರದು, ಮೊದಲ ಸೈಡ್ ಕೇಳಿದಾಗಲೂ ಹಾಗೇ ಅನಿಸುತ್ತದೆ.

ವಿದಿನ್ ಯೂನ ನಗೆಯಾದ ಮೇಲೆ ಪೆನ್ನಿ ಲೇನ್ ಚೆನ್ನಾಗಿಯೇ ಎದ್ದು ನಿಲ್ಲುತ್ತದೆ. ಅದಕ್ಕೆ ಪೀಠಿಕೆಯಿಲ್ಲ, ಮೊದಲ ಬಡಿತಕ್ಕೇ ಹಾಡು ಮತ್ತು ಬೇಸ್ ಒಟ್ಟಿಗೆ ಬರುತ್ತವೆ. ಸಿ ಶಾರ್ಪ್‌ನಿಂದ ಬಿ ಮೇಜರ್‌ಗೆ ಇಳಿದರೂ ನಗೆ ನಡುವೆ ಇರುವುದರಿಂದ ಆ ಇಳಿತ ಕಿವಿಗೆ ಚುಚ್ಚುವುದಿಲ್ಲ. ಪೆಟ್ಟು ತಿನ್ನುವುದು ಅದರ ಮುಂದಿರುವ ಲವ್ಲಿ ರೀಟಾ. ಎರಡೂ ಮೆಕಾರ್ಟ್ನಿಯವು, ಎರಡರಲ್ಲೂ ಪಿಯಾನೋ ಮುಂದೆ, ಎರಡರಲ್ಲೂ ಬೀದಿಯ ಪಾತ್ರಗಳು: ಕ್ಷೌರಿಕ, ಬ್ಯಾಂಕಿನವ, ಅಗ್ನಿಶಾಮಕ, ಆಮೇಲೆ ಪಾರ್ಕಿಂಗ್ ಮೀಟರ್ ಕಾಯುವ ಹೆಣ್ಣು. ಡೇವಿಡ್ ಮೇಸನ್ ಊದಿದ ಪಿಕೊಲೊ ಟ್ರಂಪೆಟ್ ಕೇಳಿದ ಕಿವಿಗೆ ರೀಟಾ ಸಪ್ಪೆ. ಮೂಲದಲ್ಲೂ ಮೆಕಾರ್ಟ್ನಿಯ ಎರಡು ಹಾಡು ಒಟ್ಟಿಗೇ ಇವೆಯಲ್ಲ ಎನ್ನಬಹುದು. ಸಿಕ್ಸ್ಟಿ-ಫೋರ್ ಹಳೇ ಮ್ಯೂಸಿಕ್ ಹಾಲ್ (ಬ್ರಿಟನ್ನಿನ ಹಳೆಯ ಮನರಂಜನಾ ರಂಗಮಂದಿರ) ಧಾಟಿಯದು, ರೀಟಾ ಅದರೆದುರು ರಾಕ್ ಹಾಡಾಗಿ ಎದ್ದು ಕಾಣುತ್ತದೆ. ಪೆನ್ನಿ ಲೇನ್ ಎದುರು ಹಾಗಾಗುವುದಿಲ್ಲ. ರೀಟಾಳನ್ನೇ ತೆಗೆದು ಸಿಕ್ಸ್ಟಿ-ಫೋರ್ ಉಳಿಸಿಕೊಂಡರೆ? ಆಗ ಅದು ಪೆನ್ನಿ ಲೇನ್‌ನ ಪಕ್ಕ ಕೂತು ಇಡೀ ಸೈಡ್ ಮುದ್ದುಮುದ್ದಾಗುತ್ತದೆ.

ಇತಿಹಾಸದ ತಕರಾರು ಬೇರೆ ಇದೆ. ‘ಹೀಗಾಗಿದ್ದರೆ’ ಎಂದು ಆಡುವಾಗ ಕಾಲದ ನಿಯಮ ಪಾಲಿಸದಿದ್ದರೆ ಆಟಕ್ಕೆ ರುಚಿಯಿಲ್ಲ. 1966ರ ಆಗಸ್ಟ್‌ನ ‘ಎಲೀನರ್ ರಿಗ್ಬಿ’ ಮತ್ತು ‘ಯೆಲ್ಲೊ ಸಬ್‌ಮರೀನ್’ ಆದಮೇಲೆ ಹೊಸ ಸಿಂಗಲ್ ಬಂದಿರಲಿಲ್ಲ, ಫೆಬ್ರವರಿಗೆ ಒಂದು ಬೇಕೇ ಬೇಕಿತ್ತು. ಜನವರಿ ಕೊನೆಗೆ ಮುಗಿದು ಕೈಲಿದ್ದ ಹಾಡು ಮೂರೇ: ಸ್ಟ್ರಾಬೆರಿ ಫೀಲ್ಡ್ಸ್, ಸಿಕ್ಸ್ಟಿ-ಫೋರ್, ಪೆನ್ನಿ ಲೇನ್. ಎ ಡೇ ಇನ್ ದ ಲೈಫ್ ಜನವರಿ 19ಕ್ಕೆ ಶುರುವಾಗಿ ಇನ್ನೂ ಅರ್ಧದಲ್ಲಿತ್ತು. ಫಿಕ್ಸಿಂಗ್ ಎ ಹೋಲ್‌ನ ಧ್ವನಿಮುದ್ರಣ ಆರಂಭವಾದದ್ದೇ ಫೆಬ್ರವರಿ 9ಕ್ಕೆ, ಅದೂ ಇಎಂಐ ಸ್ಟುಡಿಯೋ ಸಿಗದೆ ರೀಜೆಂಟ್ ಸೌಂಡ್‌ನಲ್ಲಿ. ಬ್ರಿಟನ್ನಿನಲ್ಲಿ ಸಿಂಗಲ್ ಬಂದ ದಿನ ಫೆಬ್ರವರಿ 17. ಹಾಗಾಗಿ ಆ ಮೂರರಲ್ಲಿ ಎರಡು ಸಿಂಗಲ್ ಆಗಲೇಬೇಕು, ಆಲ್ಬಮ್‌ಗೆ ಉಳಿಯುವುದು ಒಂದೇ. ಇದನ್ನು ಒಪ್ಪಿದರೆ ಪಟ್ಟಿ 3 ಮತ್ತು 4 ಎರಡೂ ಬಿದ್ದುಹೋಗುತ್ತವೆ.

ನಡುವೆ ಒಂದು ಮಾತು. ವಿದಿನ್ ಯೂ ಬದಲು, ಅದೇ ಫೆಬ್ರವರಿಯಲ್ಲಿ ಹ್ಯಾರಿಸನ್ ತಂದು ಪಕ್ಕಕ್ಕಿಡಲಾದ ‘ಓನ್ಲಿ ಎ ನಾರ್ದರ್ನ್ ಸಾಂಗ್’ ಹಾಕುವವರೂ ಇದ್ದಾರೆ. 3:24ರ ಹಾಡು, ತನ್ನ ಪ್ರಕಾಶನ ಕಂಪನಿಯ ಮೇಲಿನ ಮುನಿಸು. ಅದನ್ನಿಟ್ಟರೆ ಎರಡನೇ ಸೈಡ್‌ಗೆ ತೂಕವೇ ಇರುವುದಿಲ್ಲ. ಬೇಡ.

ಪಟ್ಟಿ 5: ಸ್ಟ್ರಾಬೆರಿ ಫೀಲ್ಡ್ಸ್ ಮಾತ್ರ

ಪೆನ್ನಿ ಲೇನ್ ಒಂದು ಮುಖ, ಸಿಕ್ಸ್ಟಿ-ಫೋರ್ ಇನ್ನೊಂದು: ಫೆಬ್ರವರಿಯ ಸಿಂಗಲ್ ಆಯಿತು. ಎರಡೂ ಮೆಕಾರ್ಟ್ನಿಯವು, ಲೆನನ್ ಒಪ್ಪುತ್ತಿದ್ದರೇ ಎಂಬುದು ಈ ಪಟ್ಟಿಯ ದೊಡ್ಡ ಅನುಮಾನ. ಒಪ್ಪಿದರು ಎಂದುಕೊಂಡರೆ ಆಲ್ಬಮ್ ಹೀಗೆ ಬರುತ್ತದೆ.

ಸೈಡ್ ಒಂದು: ಶೀರ್ಷಿಕೆ ಗೀತೆ, ವಿತ್ ಎ ಲಿಟಲ್ ಹೆಲ್ಪ್, ಮಿಸ್ಟರ್ ಕೈಟ್, ಷೀಸ್ ಲೀವಿಂಗ್ ಹೋಮ್, ಲೂಸಿ, ಗೆಟ್ಟಿಂಗ್ ಬೆಟರ್, ಸ್ಟ್ರಾಬೆರಿ ಫೀಲ್ಡ್ಸ್. 21:22.

ಸೈಡ್ ಎರಡು: ವಿದಿನ್ ಯೂ ವಿದೌಟ್ ಯೂ, ಫಿಕ್ಸಿಂಗ್ ಎ ಹೋಲ್, ಲವ್ಲಿ ರೀಟಾ, ಗುಡ್ ಮಾರ್ನಿಂಗ್, ರಿಪ್ರೈಸ್, ಎ ಡೇ ಇನ್ ದ ಲೈಫ್. 19:54.

ಒಟ್ಟು 41:16. ಐದರಲ್ಲಿ ನನ್ನ ಮತ ಇದಕ್ಕೇ, ಬೆಸುಗೆಗಳ ಕಾರಣಕ್ಕೆ. ಕೈಟ್ ಸುತ್ತಿ ಸುತ್ತಿ ಕೊನೆಗೆ ನಿಲ್ಲುವುದು ಇ ಮೈನರ್‌ನಲ್ಲಿ. ಸ್ಟೀರಿಯೋದಲ್ಲಿ ಷೀಸ್ ಲೀವಿಂಗ್ ಹೋಮ್‌ನ ಹಾರ್ಪ್ ಹೊರಡುವುದು ಇ ಮೇಜರ್‌ನಲ್ಲಿ. ಷಡ್ಜ ಒಂದೇ, ಗಾಂಧಾರ ಮಾತ್ರ ಬದಲು. ಸರ್ಕಸ್‌ನ ದೀಪ ಆರಿ ಬೆಳಗಿನ ಜಾವವಾದಂತೆ. ಆ ಹಾಡು ಇ ಮೇಲೆ ಮುಗಿದರೆ ಲೂಸಿ ಶುರುವಾಗುವುದು ಎ ಮೇಜರ್‌ನಲ್ಲಿ, ಪಂಚಮದಿಂದ ಷಡ್ಜಕ್ಕೆ ಇಳಿದಷ್ಟು ಸಹಜ. ಲೂಸಿ, ಗೆಟ್ಟಿಂಗ್ ಬೆಟರ್ ಜೋಡಿ ಮೂಲದಲ್ಲಿದ್ದಂತೆಯೇ ಉಳಿಯಿತು. ಗೆಟ್ಟಿಂಗ್ ಬೆಟರ್‌ನ ಗಿಟಾರ್ ಟಣಕು ನಿಂತ ಮೇಲೆ ಮೆಲೊಟ್ರಾನ್‌ನ ಕೊಳಲು ಏಳುವಾಗ ಗಟ್ಟಿಯಿಂದ ಮೆತ್ತಗಿನದಕ್ಕೆ ಸರಿಯುವ ಅಂತರ ಸಿಗುತ್ತದೆ. ಇಲ್ಲಿ ಷೀಸ್ ಲೀವಿಂಗ್ ಹೋಮ್ ಇಟ್ಟು ನೋಡಿದರೆ ಎರಡು ನಿಧಾನದ ಹಾಡು ಸೇರಿ ಏಳೂಮುಕ್ಕಾಲು ನಿಮಿಷ ಹೆಪ್ಪುಗಟ್ಟುತ್ತದೆ. ಕೈಟ್ ಇಟ್ಟರೆ ಟೇಪ್ ಚೂರುಗಳ ಮೇಲೆ ಟೇಪ್ ಚೂರು, ಎರಡೂ ಲೆನನ್.

ಇದಕ್ಕಿಂತ ಮುಖ್ಯವಾದದ್ದು ಆಕಾರ. ರಿಪ್ರೈಸ್‌ನಲ್ಲಿ ಬ್ಯಾಂಡ್ ವಿದಾಯ ಹೇಳಿದ ಮೇಲೆ ಬರುವ ಎ ಡೇ ಇನ್ ದ ಲೈಫ್ ಪ್ರದರ್ಶನದ ಹೊರಗಿನ ಹಾಡು. ಸ್ಟ್ರಾಬೆರಿ ಫೀಲ್ಡ್ಸ್ ಕೂಡ ಯಾವ ವೇಷದೊಳಗೂ ಹಿಡಿಸುವುದಿಲ್ಲ. ಪಟ್ಟಿ 3ರಲ್ಲಿ ಅದು ಒರಟಾಗಿ ಕೇಳಿಸಿದ್ದಕ್ಕೆ ಇದೂ ಒಂದು ಕಾರಣ. ಸೈಡ್‌ನ ಕೊನೆಯಲ್ಲಿ ಕೂತಾಗ ಎರಡು ಸೈಡ್‌ಗಳಿಗೂ ಒಂದೇ ನಡೆ ಬರುತ್ತದೆ: ಮೊದಲು ರಂಗದ ಮೇಲೆ, ಕೊನೆಗೆ ರಂಗದಿಂದ ಕೆಳಗೆ, ಎರಡು ಸಲವೂ ಲೆನನ್ ದನಿಯಲ್ಲಿ.

ಕುಂದುಗಳೂ ಇವೆ. ಸಿ ಶಾರ್ಪ್ ಮತ್ತು ಡಿ ಫ್ಲ್ಯಾಟ್‌ನ ಗಂಟು ಹೋಯಿತು. ಬದಲಿಗೆ ಬಂದ ಫಿಕ್ಸಿಂಗ್ ಎ ಹೋಲ್ ಎಫ್‌ನಲ್ಲಿದೆ, ಅದು ಸಿ ಶಾರ್ಪ್‌ನ ಅಂತರ ಗಾಂಧಾರ. ಹಾರ್ಪ್ಸಿಕಾರ್ಡ್ ಮೆಲ್ಲಗೆ ಕಾಲಿಡುವುದರಿಂದ ದಾಟಿಕೊಳ್ಳುತ್ತದೆ, ಆದರೆ ಕ್ಲಾರಿನೆಟ್‌ನ ತಮಾಷೆ ಇಲ್ಲ. ಷೀಸ್ ಲೀವಿಂಗ್ ಹೋಮ್ ಮತ್ತು ಲೂಸಿಯ ಪಲ್ಲವಿಯಾಚೆಯ ಭಾಗ ಎರಡೂ ಮೂರೆಣಿಕೆಯ ತಾಳದವು, ಕೈಟ್‌ನ ಒಳಗೂ ಒಂದು ವಾಲ್ಟ್ಸ್ ತುಂಡಿದೆ. ಹಾಗಾಗಿ ಸೈಡ್‌ನ ನಡುಭಾಗ ತುಸು ತೂಗಾಡುತ್ತದೆ. ಎಲ್‌ಪಿಗೇ ಕೊರೆಸುವುದಾದರೆ ಇನ್ನೊಂದು: ತಟ್ಟೆಯ ಒಳಸುತ್ತಿನಲ್ಲಿ ಸೂಜಿ ಹಾಯುವ ಉದ್ದ ಕಡಿಮೆ, ಸ್ಟ್ರಾಬೆರಿ ಫೀಲ್ಡ್ಸ್‌ನಂಥ ದಟ್ಟ ಹಾಡು ಅಲ್ಲಿ ಒಡೆದ ದನಿಯಲ್ಲಿ ಕೇಳಿಸುವ ಸಂಭವ ಹೆಚ್ಚು.

ಕಟ್ಟುವುದು ಹೇಗೆ, ಎಲ್ಲಿ ಕೆಡುತ್ತದೆ

ಮೂಲದ ಆಯ್ಕೆಯಲ್ಲೇ ಅರ್ಧ ಕೆಲಸವಿದೆ. 2009ರ ಸ್ಟೀರಿಯೋ ಸಿಡಿಗಳು ಎರಡಿದ್ದರೆ ಸಾಕು: ಪೆಪ್ಪರ್, ಜೊತೆಗೆ ಎರಡೂ ಸಿಂಗಲ್ ಹಾಡುಗಳಿರುವ ‘ಮ್ಯಾಜಿಕಲ್ ಮಿಸ್ಟರಿ ಟೂರ್’. ಎರಡೂ ಒಂದೇ ಕಾಲದ ರೀಮಾಸ್ಟರ್, ಸದ್ದಿನ ಮಟ್ಟ ಹೆಚ್ಚುಕಡಿಮೆ ಹೊಂದುತ್ತದೆ. ಮೇಲಿನ ಶ್ರುತಿ ಲೆಕ್ಕವೆಲ್ಲ ಈ ಆವೃತ್ತಿಗೆ.

2017ರಲ್ಲಿ ಜಾರ್ಜ್ ಮಾರ್ಟಿನ್‌ರ ಮಗ ಜೈಲ್ಸ್ ಮಾರ್ಟಿನ್ ಮಾಡಿದ ರೀಮಿಕ್ಸ್ ಇನ್ನೂ ತುಂಬಿದ ದನಿಯದು, ಅದರ ಡೀಲಕ್ಸ್ ಆವೃತ್ತಿಯಲ್ಲಿ ಸ್ಟ್ರಾಬೆರಿ ಫೀಲ್ಡ್ಸ್ ಮತ್ತು ಪೆನ್ನಿ ಲೇನ್‌ನ ಹೊಸ ಸ್ಟೀರಿಯೋ ಮಿಕ್ಸ್‌ಗಳೂ ಸಿಗುತ್ತವೆ. ಒಂದು ಕಡೆ ಕೈಕೊಡುತ್ತದೆ. 1967ರ ಮೋನೋ ಮಿಕ್ಸ್‌ನಲ್ಲಿ ಷೀಸ್ ಲೀವಿಂಗ್ ಹೋಮ್ ಸ್ಟೀರಿಯೋಗಿಂತ ವೇಗ, ಅರ್ಧ ಸ್ವರ ಮೇಲೆ, ಎಫ್‌ನಲ್ಲಿ. 2017ರ ಮಿಕ್ಸ್ ಆ ಮೋನೋ ವೇಗವನ್ನೇ ಅನುಸರಿಸಿದೆ. ಕೈಟ್‌ನ ಇ ಮೈನರ್ ಆದಮೇಲೆ ಎಫ್ ಬಂದರೆ ಬೆಸುಗೆ ಕಿರುಗುಟ್ಟುತ್ತದೆ. ಪರಿಹಾರ ಸುಲಭ: ದನಿ ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ಆ ಹಾಡೊಂದನ್ನು ಆರಿಸಿ, ವೇಗ ಬದಲಿಸುವ ಆಯ್ಕೆಯಲ್ಲಿ ಗುಣಕ 0.944 ಕೊಡಿ. ಶ್ರುತಿ ಮಾತ್ರ ಬದಲಿಸುವ ಆಯ್ಕೆ ಬೇಡ, ಅದು ತಂತಿವಾದ್ಯದ ದನಿಯನ್ನು ಕಲಕುತ್ತದೆ. 2009 ಮತ್ತು 2017ರ ಹಾಡುಗಳನ್ನು ಬೆರೆಸಲೂಬೇಡಿ. ಹಾಡು ಬದಲಾದಾಗಲೆಲ್ಲ ಕೋಣೆ ಬದಲಾದಂತಾಗುತ್ತದೆ.

ರಿಪ್ ಮಾಡುವಾಗ, ಅಂದರೆ ಸಿಡಿಯಿಂದ ಫೈಲ್‌ಗೆ ಇಳಿಸುವಾಗ, ಫ್ಲ್ಯಾಕ್ ಅಥವಾ ವೇವ್ ಮಾದರಿಯ ಫೈಲ್ ಇರಲಿ. ಎಂಪಿ3 ಫೈಲ್‌ನ ತಲೆಯಲ್ಲೂ ಬಾಲದಲ್ಲೂ ಎನ್‌ಕೋಡರ್ ಒಂದಿಷ್ಟು ಖಾಲಿ ಜಾಗ ಸೇರಿಸುತ್ತದೆ. ಪ್ಲೇಯರ್ ಅದನ್ನು ಕಳೆಯದಿದ್ದರೆ ಬಿಲ್ಲಿ ಶಿಯರ್ಸ್ ಬೆಸುಗೆಯಲ್ಲೂ ಕೋಳಿಯ ಬೆಸುಗೆಯಲ್ಲೂ ಕಣ್ಣು ಮಿಟುಕಿಸುವಷ್ಟು ಮೌನ ಬರುತ್ತದೆ. ಅಂಟಿಕೊಂಡ ಟ್ರ್ಯಾಕ್‌ಗಳ ಗಡಿಯನ್ನು ಎಡಿಟರ್‌ನಲ್ಲಿ ಮುಟ್ಟಬೇಡಿ. ಸ್ಟ್ರೀಮಿಂಗ್ ಪ್ಲೇಲಿಸ್ಟ್‌ನಲ್ಲಿ ಕಟ್ಟುವುದಾದರೆ ಕ್ರಾಸ್‌ಫೇಡ್ ಸೊನ್ನೆಗಿಳಿಸಿ, ಶಫಲ್ ಆಫ್ ಮಾಡಿ.

ಬಿಡುವುಗಳು ಹೀಗಿದ್ದರೆ ಪಟ್ಟಿ 5 ಸರಿಯಾಗಿ ಕೂರುತ್ತದೆ. ಮೂಲ ಎಲ್‌ಪಿಯಲ್ಲಿ ಹಾಡುಗಳ ನಡುವೆ ಎಂದಿನ ಖಾಲಿ ಪಟ್ಟೆಗಳಿರಲಿಲ್ಲ, ಹಾಗಾಗಿ ಎಲ್ಲೂ ಉದ್ದದ ಮೌನ ಬೇಡ. ವಿತ್ ಎ ಲಿಟಲ್ ಹೆಲ್ಪ್ ಮತ್ತು ಕೈಟ್ ನಡುವೆ 1 ಸೆಕೆಂಡ್. ಕೈಟ್ ಆದಮೇಲೆ ಒಂದೂವರೆ. ಷೀಸ್ ಲೀವಿಂಗ್ ಹೋಮ್ ಮತ್ತು ಲೂಸಿ ನಡುವೆ ಪೂರ್ತಿ 2, ಮೂರೆಣಿಕೆಯ ನೆನಪು ಅಳಿಯಲಿಕ್ಕೆ. ಸ್ಟ್ರಾಬೆರಿ ಫೀಲ್ಡ್ಸ್ ಮುಂಚೆ 2, ಆದಮೇಲೆ ಫೈಲ್‌ನಲ್ಲಿ ಕೇಳುವವರು 6ರಿಂದ 8 ಸೆಕೆಂಡ್ ಮೌನ ಸೇರಿಸಿ, ತಟ್ಟೆ ತಿರುಗಿಸುವ ಹೊತ್ತಿಗೆ ಬದಲಾಗಿ. ವಿದಿನ್ ಯೂ ಕೊನೆಯ ನಗೆಯನ್ನು ಪೂರ್ತಿ ಬಿಡಿ, ಅರ್ಧ ಸೆಕೆಂಡ್ ಕಳೆದು ಹಾರ್ಪ್ಸಿಕಾರ್ಡ್. ರೀಟಾದಿಂದ ಕೊನೆಯವರೆಗೆ ಮೂಲ ಕ್ರಮವೇ, ಏನೂ ಸೇರಿಸಬೇಡಿ.

ಕೊನೆಯ ಪಿಯಾನೋ ನಾದ ನಲವತ್ತು ಸೆಕೆಂಡಿಗೂ ಹೆಚ್ಚು ಹೊತ್ತು ಕರಗುತ್ತದೆ. ಸಿಡಿಯಲ್ಲಿ ಅದರ ಹಿಂದೆ ಕಿವಿಗೆ ಕಷ್ಟದಲ್ಲಿ ಕೇಳುವ ಕೀರಲು ಸ್ವರ ಮತ್ತು ಮೂಲ ಬ್ರಿಟಿಷ್ ತಟ್ಟೆಯ ಕೊನೆಸುತ್ತಿನ ಗಲಿಬಿಲಿ ಮಾತುಗಳಿವೆ. ಅದು ಬೇಡವಾದರೆ ನಾದ ಪೂರ್ತಿ ಅಡಗಿದ ಮೇಲೆ ಕತ್ತರಿಸಿ, ಸುಮಾರು ಅರ್ಧ ನಿಮಿಷ ಕಡಿಮೆಯಾಗುತ್ತದೆ. ಚಪ್ಪಾಳೆಯಿಲ್ಲದೆ ಶುದ್ಧವಾಗಿ ಶುರುವಾಗುವ ಎ ಡೇ ಇನ್ ದ ಲೈಫ್ ‘1967–1970’ ಸಂಕಲನದ ಸಿಡಿಯಲ್ಲಿದೆ. ರಿಪ್ರೈಸ್ ಬಿಟ್ಟು ಪಟ್ಟಿ ಕಟ್ಟುವ ಹಟವಿರುವವರಿಗೆ ಅದು ಬೇಕಾಗುತ್ತದೆ.

ಎಲ್ಲ ಮುಗಿದ ಮೇಲೆ ಹದಿಮೂರೂ ಫೈಲ್‌ಗಳ ಆಲ್ಬಮ್ ಹೆಸರನ್ನು ಒಂದೇ ಮಾಡಿ, ಟ್ರ್ಯಾಕ್ ಸಂಖ್ಯೆ ಬದಲಿಸಿ, ರೀಪ್ಲೇಗೇನ್ (ಪ್ಲೇಯರ್ ಸದ್ದಿನ ಮಟ್ಟ ಸಮ ಮಾಡಲು ಬಳಸುವ ಅಳತೆ) ಅನ್ನು ಆಲ್ಬಮ್ ಲೆಕ್ಕದಲ್ಲಿ ಹೊಸದಾಗಿ ತೆಗೆಯಿರಿ. ಟ್ರ್ಯಾಕ್ ಲೆಕ್ಕದಲ್ಲಿ ತೆಗೆದರೆ ಷೀಸ್ ಲೀವಿಂಗ್ ಹೋಮ್ ಮೇಲೇರಿ ಗುಡ್ ಮಾರ್ನಿಂಗ್ ಕೆಳಗಿಳಿಯುತ್ತದೆ, ಬೆಸುಗೆಯಲ್ಲಿ ಸದ್ದು ಜಿಗಿಯುತ್ತದೆ. ಸಿಡಿ ಬರೆಯುವವರು ಇಡೀ ಡಿಸ್ಕನ್ನು ನಡುವೆ ನಿಲ್ಲಿಸದೆ ಒಂದೇ ಸಲ ಬರೆಯುವ ‘ಡಿಸ್ಕ್ ಅಟ್ ಒನ್ಸ್’ ವಿಧಾನ ಆರಿಸಬೇಕು. ನೀವು ಹೊಸದಾಗಿ ಕತ್ತರಿಸಿದ ಟ್ರ್ಯಾಕ್‌ಗಳ ಉದ್ದ 588 ಸ್ಯಾಂಪಲ್‌ಗಳ (ಡಿಜಿಟಲ್ ದನಿಯ ಅತಿ ಚಿಕ್ಕ ತುಣುಕುಗಳ) ಗುಣಿತವಾಗಿರಲಿ, ಸಿಡಿಯ ಒಂದು ಫ್ರೇಮ್, ಅಂದರೆ ಸೆಕೆಂಡಿನ 75ನೇ ಒಂದು ಭಾಗ, ಅಷ್ಟು; ಇಲ್ಲದಿದ್ದರೆ ಬರೆಯುವ ತಂತ್ರಾಂಶ ಉಳಿದ ಜಾಗವನ್ನು ಮೌನದಿಂದ ತುಂಬಿ ಟಕ್ ಎನ್ನಿಸುತ್ತದೆ. ಪೆನ್ನಿ ಲೇನ್ ಮತ್ತು ಸಿಕ್ಸ್ಟಿ-ಫೋರ್ ಅನ್ನು ಇದೇ ಡಿಸ್ಕ್‌ನ ಬಾಲಕ್ಕೆ ಬೋನಸ್ ಎಂದು ಅಂಟಿಸಬೇಡಿ. ಎರಡೇ ಟ್ರ್ಯಾಕ್‌ನ ಬೇರೆ ಫೋಲ್ಡರ್ ಮಾಡಿ, ಫೆಬ್ರವರಿ 1967 ಎಂದು ಹೆಸರಿಟ್ಟು, ಆಲ್ಬಮ್ ಹಾಕುವ ಮೊದಲು ಕೇಳಿ.